ಸಂಬಳ, ಗಿಂಬಳ ಮತ್ತು ಗಣಕಯಂತ್ರ

ಸಂಬಳಕ್ಕೆ ಗಿಂಬಳವೆಂಬ ಜೊತೆಪದವನ್ನು ಕಟ್ಟಿಕೊಟ್ಟ ನಮ್ಮ ಹಿರಿಯರು ಸರಕಾರಿ ಕಚೇರಿಯನ್ನು ಚೆನ್ನಾಗಿ ಬಲ್ಲವರೇ ಇರಬೇಕು. ಈಗ ಗಣಕಯಂತ್ರ ಬಂದು ಗಿಂಬಳದ ಬಾಯಿಗೆ ಬೀಗ ಬಿದ್ದಿದೆ ಎನ್ನುತ್ತಾರೆ. ಕಾರಕೂನಿಕೆಯಲ್ಲೇ ತಲೆ ನರೆಯುತ್ತಿರುವ ನಮಗೆ ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕೆನಿಸುತ್ತದೆ. ಲಂಚ ತೆಗೆದುಕೊಳ್ಳಲು ಅವಕಾಶವೇ ಇಲ್ಲದವನನ್ನು ಪ್ರಾಮಾಣಿಕನೆಂದು ಕರೆಯಬಹುದೇ?

ಮೊದಲು ಯಂತ್ರಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ನಮ್ಮಂಥ ಅನೇಕರಿಗೆ ಊರಿನಲ್ಲಿ ಎಕರೆ, ಅರ್ಧ ಎಕರೆ ಜಮೀನು ಉಳಿದಿರುವುದುಂಟು. ಅದರ ಪಹಣಿಯ ಒಂದು ಪ್ರತಿಗಾಗಿ ನಮ್ಮ ತಂದೆಯವರು ರಜೆ ಹಾಕಿ, ರೈಲು ಹಿಡಿದು, ಬಸ್ಸು ಬದಲಿಸಿ ಹೋಗುತ್ತಿದ್ದರು. ಗ್ರಾಮ ಲೆಕ್ಕಿಗರು ಸಿಕ್ಕರೆ ಪುಸ್ತಕ ಸಿಗದು. ಪುಸ್ತಕ ಸಿಕ್ಕರೂ ಅವರ ಕೈ ಬೆಚ್ಚಗಾಗದೆ ಅದು ತೆರೆಯದು. ಆಗ ಕರ್ನಾಟಕದ ರೈತರ ದಾಖಲೆಗಳು ಸುಮಾರು 9,000 ಲೆಕ್ಕಿಗರ ವಶದಲ್ಲಿದ್ದವು. 2000ದ ಸುಮಾರಿಗೆ ರಾಜ್ಯ ಸರಕಾರದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟವನಿಗೆ ಪ್ರತಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ಬೆರಳಚ್ಚು ಒತ್ತಿಯೇ ದಾಖಲೆಗೆ ಕೈಹಾಕಬೇಕಾದ್ದರಿಂದ, ಯಾರು ಏನು ತಿದ್ದಿದರೆಂಬುದನ್ನು ಮುಚ್ಚಿಡುವುದೂ ಕಷ್ಟವಾಯಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಆಗ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ನೂರಕ್ಕೆ ಸುಮಾರು 66 ಮಂದಿ ಲಂಚ ಕೊಟ್ಟಿದ್ದರೆ, ಹೊಸ ಕಿಟಕಿಯಲ್ಲಿ ಕೊಟ್ಟವರು ಸುಮಾರು 3 ಮಂದಿ. ಇದೇನು ಸಣ್ಣ ಸಾಧನೆಯಲ್ಲ.

ಆದರೆ ಶಕ್ತಿಗೆ ನಾಶವಿಲ್ಲ, ರೂಪಾಂತರವಷ್ಟೇ ಇದೆಯೆಂದು ನಾವು ಬಿ.ಎಸ್‌ಸಿ.ಯಲ್ಲಿ ಓದಿದ್ದೆವು. ಲೋಭಕ್ಕೂ ಈ ನಿಯಮ ಅನ್ವಯಿಸುತ್ತದೆಯೋ ಏನೋ! ನಾವು ಚಾಪೆಯ ಕೆಳಗೆ ತೂರಿದರೆ ಅದು ರಂಗೋಲಿಯ ಕೆಳಗೆ ತೂರುತ್ತದೆ. ಪಹಣಿಯ ಪ್ರತಿಯನ್ನು ಯಂತ್ರ ಕೊಟ್ಟೀತು. ಖಾತೆ ಬದಲಾಗಬೇಕಾದರೆ ಅನೇಕ ಸಂದರ್ಭಗಳಲ್ಲಿ ಮನುಷ್ಯನ ವರದಿ, ಮನುಷ್ಯನ ಒಪ್ಪಿಗೆ ಬೇಕು. ಅಲ್ಲಿ ಹಳೆಯ ಪ್ರಶ್ನೆ ಹಾಗೆಯೇ ಕುಳಿತಿದೆ.

ಪರರ ಮಾತೇಕೆ, ನಮ್ಮ ಮೇಜಿನ ಕಥೆಯನ್ನೇ ಹೇಳುತ್ತೇವೆ. ನಾವು ಪಿಂಚಣಿ ವಿಭಾಗದಲ್ಲಿದ್ದೆವು. ಬೆರಳಚ್ಚಿನಿಂದ ಜೀವಿತ ಪ್ರಮಾಣಪತ್ರ ಪಡೆಯುವ ವ್ಯವಸ್ಥೆ 2014ರಲ್ಲಿ ಬಂದಿತ್ತು. ಒಂದು ನವೆಂಬರಿನಲ್ಲಿ ನಿವೃತ್ತ ಕೂಲಿಯಾಳೊಬ್ಬರು ಬಂದರು. ದುಡಿದು ಸವೆದ ಬೆರಳು, ಯಂತ್ರ ಒಪ್ಪಲಿಲ್ಲ. "ಮಷೀನು ತೆಗೆದುಕೊಳ್ಳುತ್ತಿಲ್ಲ, ನಾಳೆ ಬನ್ನಿ ಬಾಬಾ" ಎಂದೆವು. ಮರುದಿನವೂ ಅದೇ ಮಾತು. ಮೂರನೆಯ ದಿನ ಅವರು ಅಧಿಕಾರಿಯೊಬ್ಬರ ಸಹಿಯಿದ್ದ ಕಾಗದದ ಪ್ರಮಾಣಪತ್ರ ಹಿಡಿದು ಬಂದರು. ಗೇಟಿನ ಹೊರಗಿನ ದಲ್ಲಾಳಿ ಅದಕ್ಕೆ 200 ರೂಪಾಯಿ ಪಡೆದಿದ್ದ. ಕಾಗದದ ಮೇಲೆ ಬರೆದುಕೊಡುವ ಹಳೆಯ ಪದ್ಧತಿಯನ್ನು ಸರಕಾರ ರದ್ದು ಮಾಡಿರಲೇ ಇಲ್ಲ. ಆ ನಮೂನೆ ನಮ್ಮದೇ ಮೇಜಿನ ಖಾನೆಯಲ್ಲಿತ್ತು!

ನಾವು ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ. ಆದರೂ ಆ 200 ರೂಪಾಯಿಯನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಅಂದು ರಾತ್ರಿ ಊಟ ರುಚಿಸಲಿಲ್ಲ. ಊರಿನ ಲೆಕ್ಕಿಗರ ಜಗಲಿಯಲ್ಲಿ ಕಾದು ಕುಳಿತ ತಂದೆಯವರ ನೆನಪಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿನ ಪೂಜಾರಿ ನಾವೇ ಆಗಿದ್ದೆವು.

ಲಂಚದ ಬೇರು ಹಣದಲ್ಲಿಲ್ಲ ಎಂದು ನಮಗೆ ಅನ್ನಿಸುತ್ತದೆ. ಜನರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ನಾವು ಮಾಡುವ ಉಪಕಾರವೆಂದು ತಿಳಿಯುವ ದರ್ಪದಲ್ಲಿ ಅದು ಹುಟ್ಟುತ್ತದೆ. ಯಂತ್ರವು ಚಾಚಿದ ಕೈಯನ್ನು ತಡೆದೀತು. ಕಟ್ಟಿ ಕುಳಿತ ಕೈಯನ್ನು ಬಿಚ್ಚಿಸುವ ಕೆಲಸ ನಮ್ಮ ನಮ್ಮ ಅಂತಃಕರಣಕ್ಕೇ ಬಿಟ್ಟದ್ದು. ಹಾಗೆಂದು ಯಂತ್ರ ಬೇಡವೆನ್ನುವುದು ಮೂರ್ಖತನ. ಪ್ರಲೋಭನೆಯನ್ನು ದೂರವಿಟ್ಟರೆ ದುರ್ಬಲ ಮನಸ್ಸಿಗೂ ರಕ್ಷಣೆ ಸಿಗುತ್ತದೆ. ಆದರೆ ಲಂಚ ಮುಟ್ಟದಿರುವುದು ಪ್ರಾಮಾಣಿಕತೆಯ ಮೊದಲ ಮೆಟ್ಟಿಲೇ ಹೊರತು ಕೊನೆಯದಲ್ಲ.

ಆ ನಮೂನೆಗಳ ಕಟ್ಟನ್ನು ಅಂದೇ ಖಾನೆಯಿಂದ ತೆಗೆದು ಮೇಜಿನ ಮೇಲೆ, ಎದುರಿಗೆ ನಿಂತವರ ಕಣ್ಣಿಗೆ ಬೀಳುವಂತೆ ಇಟ್ಟೆವು.