ಗೆಳೆಯನು ತೆರವು ಮಾಡಿದ ಪೀಠ

ಒಬ್ಬನು ತತ್ತ್ವಕ್ಕಾಗಿ ತ್ಯಜಿಸಿದ ಪೀಠವನ್ನು, ಅದೇ ತತ್ತ್ವದಲ್ಲಿ ನಂಬಿಕೆಯುಳ್ಳ ಅವನ ಗೆಳೆಯನು ಏರಬಹುದೇ? ಇದು ಕೇವಲ ತರ್ಕಕ್ಕಾಗಿ ಹೂಡಿದ ಪ್ರಶ್ನೆಯಲ್ಲ. 1954ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದೊಳಗೆ ಅದು ನಿಜವಾಗಿಯೇ ಎದುರಾಯಿತು.

ಆ ದೇಶದ ಪಾರ್ಲಿಮೆಂಟಿನಲ್ಲಿ ವಿರೋಧ ಪಕ್ಷವು ಸರಕಾರದ ಪ್ರಮುಖ ಮಂತ್ರಿಗಳಿಗೆ ಎದುರಾಗಿ ತನ್ನ ವಕ್ತಾರರನ್ನು ನಿಲ್ಲಿಸುತ್ತದೆ. ಈ ಮಂಡಲಿಗೆ ನೆರಳು ಮಂತ್ರಿಮಂಡಲವೆಂದು ಹೆಸರು. ಕನ್ಸರ್ವೇಟಿವ್ ಪಕ್ಷದಲ್ಲಿ ಇವರನ್ನು ನಾಯಕನೇ ಆರಿಸುತ್ತಾನೆ. ಲೇಬರ್ ಪಕ್ಷವಾದರೋ ತಾನು ವಿರೋಧದಲ್ಲಿದ್ದಾಗ, ಕಾಮನ್ಸ್ ಸಭೆಯ ತನ್ನ ಸದಸ್ಯರ ಗುಪ್ತಮತದಿಂದ ಇವರನ್ನು ಚುನಾಯಿಸುತ್ತಿತ್ತು. ಬಹುಕಾಲ ಈ ಚುನಾವಣೆ ವರ್ಷಕ್ಕೊಮ್ಮೆ ನಡೆಯಿತು. ಯಾರಿಗೆ ಯಾವ ಖಾತೆ ಎಂಬುದಷ್ಟೇ ನಾಯಕನ ಇಚ್ಛೆಗೆ ಬಿಟ್ಟದ್ದು.

1953ರ ಚುನಾವಣೆಯಲ್ಲಿ ಸ್ಥಾನಗಳು ಹನ್ನೆರಡು. ಹ್ಯಾರಲ್ಡ್ ವಿಲ್ಸನ್ನರು ಹದಿಮೂರನೆಯವರಾದರು. ಅನ್ಯೂರಿನ್ ಬೆವನ್ನರು ಆಯ್ಕೆಯಾಗಿದ್ದರು. ಇವರಿಬ್ಬರೂ 1951ರಲ್ಲಿ, ಕೃತಕ ಹಲ್ಲಿಗೂ ಕನ್ನಡಕಕ್ಕೂ ಜನರಿಂದ ಶುಲ್ಕ ಪಡೆಯುವ ನಿರ್ಧಾರವನ್ನು ಪ್ರತಿಭಟಿಸಿ ಮಂತ್ರಿಪದವಿಯನ್ನೇ ಒಟ್ಟಿಗೆ ಬಿಟ್ಟವರು. 1954ರ ಏಪ್ರಿಲಿನಲ್ಲಿ ಆಗ್ನೇಯ ಏಷ್ಯದ ಸೈನಿಕ ಒಪ್ಪಂದದ ವಿಷಯದಲ್ಲಿ ನಾಯಕ ಅಟ್ಲಿಯವರೊಡನೆ ಭಿನ್ನಮತ ಬಂದು ಬೆವನ್ನರು ಮಂಡಲಿಯಿಂದ ಹೊರಬಂದರು. ನಿಯಮದಂತೆ ಆ ಸ್ಥಾನವು ಹದಿಮೂರನೆಯವರಿಗೆ ಸಲ್ಲಬೇಕು. ವಿಷಯದಲ್ಲಿ ತಾವು ಬೆವನ್ನರ ಪಕ್ಷವೇ ಎಂದು ಒಪ್ಪಿಕೊಂಡೂ, ಸಂಸ್ಥೆಯ ಐಕ್ಯವೇ ಹಿರಿದೆಂದು ವಿಲ್ಸನ್ನರು ಸ್ಥಾನವನ್ನು ಸ್ವೀಕರಿಸಿದರು. ಬೆವನ್ನರ ಅನುಯಾಯಿಗಳಿಗೆ ಇದು ದ್ರೋಹವಾಗಿ ತೋರಿತು.

ದ್ರೋಹವೇ? ಪೀಠವು ಬೆವನ್ನರ ಸ್ವಂತ ಸೊತ್ತಾಗಿರಲಿಲ್ಲ. ಅದು ಮತ ಕೊಟ್ಟವರದು. ವಿಲ್ಸನ್ನರ ಒಲವನ್ನು ಬಲ್ಲವರೇ ಅವರಿಗೂ ಮತ ಕೊಟ್ಟಿದ್ದರು. ಅವರು ನಿರಾಕರಿಸಿದ್ದರೆ ಹದಿನಾಲ್ಕನೆಯವನು ಬರುತ್ತಿದ್ದನು, ಬೆವನ್ನರ ಮಾತಿಗೆ ಒಳಗೆ ಒಂದು ಕಿವಿ ಕಡಿಮೆಯಾಗುತ್ತಿತ್ತು. ಆದರೆ ಇಷ್ಟರಿಂದ ನನ್ನ ಮನಸ್ಸು ಪೂರ್ಣ ಸಮಾಧಾನ ಹೊಂದುವುದಿಲ್ಲ. ತ್ಯಾಗಕ್ಕೆ ಬಲ ಬರುವುದು ಆ ಸ್ಥಾನವು ಕೆಲಕಾಲವಾದರೂ ಬರಿದಾಗಿ ಕಾಣಿಸಿದಾಗ; ಮರುಗಳಿಗೆಯೇ ಅದು ತುಂಬಿದರೆ, ಅದೂ ಆಪ್ತನಿಂದಲೇ ತುಂಬಿದರೆ, ತ್ಯಾಗಿಯು ಬರಿಯ ಮುಂಗೋಪಿಯೆನಿಸುತ್ತಾನೆ. ಒಪ್ಪಿದುದು ತಪ್ಪಲ್ಲ, ಗೆಳೆಯನಿಗೆ ತಗಲುವ ಪೆಟ್ಟನ್ನು ತಿಳಿದೇ ಒಪ್ಪಬೇಕಿತ್ತು. ವಿಲ್ಸನ್ನರು 1964ರಲ್ಲಿ ಪ್ರಧಾನಿಯಾದರೆಂಬುದನ್ನು ಪರವಾಗಿಯೂ ವಿರುದ್ಧವಾಗಿಯೂ ಸಾಕ್ಷಿಯಾಗಿ ತರುವವರುಂಟು, ಎರಡೂ ಅನ್ಯಾಯವೇ.

ಈ ಪದ್ಧತಿಯ ಕೊನೆಯ ಚುನಾವಣೆ 2010ರಲ್ಲಿ ನಡೆಯಿತು: 19 ಸ್ಥಾನಗಳಿಗೆ 49 ಅಭ್ಯರ್ಥಿಗಳು. ಮರುವರ್ಷ ಎಡ್ ಮಿಲಿಬ್ಯಾಂಡರ ನಾಯಕತ್ವದಲ್ಲಿ ಅದನ್ನು ರದ್ದುಗೊಳಿಸಲಾಯಿತು. ಸರಕಾರವನ್ನು ಎದುರಿಸಬೇಕಾದವರು ಒಬ್ಬರನ್ನೊಬ್ಬರು ಮತ ಯಾಚಿಸುತ್ತ ಕಾಲ ಕಳೆಯುವುದು ಸಲ್ಲದೆಂಬ ವಾದವು ಹಗುರವಾದುದಲ್ಲ. ಆದರೂ ಒಂದು ನಷ್ಟವಾಯಿತು. ನಾಯಕನು ಕೂಡಿಸಿದವನನ್ನು ನಾಯಕನೇ ಎಬ್ಬಿಸಬಲ್ಲನು. ಸಹೋದ್ಯೋಗಿಗಳು ಕೂಡಿಸಿದವನಿಗೆ ಒಳಗೇ ನಿಂತು ‘ಇದು ಸರಿಯಲ್ಲ’ ಎನ್ನಲು ಒಂದು ಆಧಾರವಿತ್ತು.

ಬೆವನ್ನರ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. 1955ರಲ್ಲಿ ಅವೇ ಸದಸ್ಯರು ಅವರನ್ನು ಮತ್ತೆ ಚುನಾಯಿಸಿದರು. 1956ರ ಕೊನೆಗೆ ಅವರು ವಿದೇಶಾಂಗದ ವಕ್ತಾರರಾದರು; ಹಣಕಾಸಿನ ವಕ್ತಾರರಾಗಿದ್ದ ವಿಲ್ಸನ್ನರೊಡನೆ ಅದೇ ಮಂಡಲಿಯಲ್ಲಿ ಕುಳಿತರು.