ಮೋನಿಕಮ್ಮನವರ ಬುಟ್ಟಿ



ಆಗಸ್ಟ್ 27 ಸಂತ ಮೋನಿಕಾರವರ ಹಬ್ಬ. ಮರುದಿನ ಅವರ ಮಗ ಸಂತ ಅಗಸ್ಟೀನರ ಹಬ್ಬ. ಪ್ರತಿ ವರ್ಷ ಈ ಎರಡು ದಿನ ನಾವು ಮಗನಿಗಾಗಿ ಅತ್ತ ಆ ತಾಯಿಯ ಕಣ್ಣೀರನ್ನು ನೆನೆಯುತ್ತೇವೆ. ಈ ಸಲ ಅವರ ಬಾಳಿನ ಇನ್ನೊಂದು ಸಂಗತಿಯನ್ನು ನೆನೆಯಬೇಕೆನಿಸಿದೆ. ಐವತ್ತು ದಾಟಿದ ಮೇಲೆ ಮಗನನ್ನು ಹಿಂಬಾಲಿಸಿ ಕಡಲು ದಾಟಿ, ತನ್ನದಲ್ಲದ ಊರಿನಲ್ಲಿ ಬಾಳಿದ ತಾಯಿ ಅವರು.

ಇದು ನೆನಪಾಗಲು ಕಾರಣವಿದೆ. ಕಳೆದ ತಿಂಗಳು ತಳಿಯ ಒಂದು ಮನೆಯಲ್ಲಿ ಪ್ರಾರ್ಥನೆಗೆ ಸೇರಿದ್ದೆವು. ಆ ಮನೆಯ ಅಳಿಯ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಈಗ ಅವರಿಗೆ ಅಮೆರಿಕದ ಅಯೋವಾ ರಾಜ್ಯದಲ್ಲಿ ಕೆಲಸ ಸಿಕ್ಕಿದೆ. ಹೆಂಡತಿ ಮತ್ತು ಐದು ವರ್ಷದ ಮಗಳನ್ನು ಕರೆದುಕೊಂಡು ಹೊರಟಿದ್ದಾರೆ. ಪ್ರಾರ್ಥನೆ ಮುಗಿದು ಊಟಕ್ಕೆ ಕುಳಿತಾಗ ಮನೆಯ ಅಜ್ಜಿ ಎಲ್ಲರನ್ನೂ ಕೇಳಿದರು: "ಅಲ್ಲಾ, ಅವರ ತರ ಇರು ಅಂತ ಮಗೀಗೆ ಹೇಳ್ಬೇಕೋ, ನಮ್ ತರಾನೇ ಇರು ಅಂತ ಹೇಳ್ಬೇಕೋ?"

ಒಬ್ಬರು, "ಹೋದ ಕಡೆ ನೀರಿಗೆ ಉಪ್ಪಿನ ಹಾಗೆ ಕರಗಬೇಕು" ಎಂದರು. ಇನ್ನೊಬ್ಬರು, "ಕರಗಿದರೆ ನಾವು ಅಂತ ಉಳಿಯೋದೇನು?" ಎಂದರು. ಊಟ ಮುಗಿಯಿತು, ಮಾತು ಮುಗಿಯಲಿಲ್ಲ. ಅಂದು ನನಗೂ ಉತ್ತರ ತಿಳಿದಿರಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೋನಿಕಾ ಉತ್ತರ ಆಫ್ರಿಕಾದವರು. ಮಗ ಇಟಲಿಯ ಮಿಲಾನ್ ನಗರದಲ್ಲಿ ಪಾಠ ಹೇಳುತ್ತಿದ್ದ. ತಾಯಿಯೂ ಅಲ್ಲಿಗೆ ಹೋದರು. ಊರಿನಲ್ಲಿದ್ದಾಗ ಅವರಿಗೊಂದು ರೂಢಿಯಿತ್ತು. ರಕ್ತಸಾಕ್ಷಿಗಳ ಸಮಾಧಿಗೆ ಹೋಗುವಾಗ ಬುಟ್ಟಿಯಲ್ಲಿ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಕೊಂಡೊಯ್ದು ಅಲ್ಲಿ ಹಂಚಿಕೊಂಡು ತಿನ್ನುವುದು. ಸಮಾಧಿಯ ಹಬ್ಬದಂದು ಎಡೆ ಇಡುತ್ತಿದ್ದ ಹಿರಿಯರನ್ನು ನೋಡಿದ ನಮಗೆ ಇದು ಹೊಸದೇನಲ್ಲ. ಮಿಲಾನಿನಲ್ಲಿಯೂ ಬುಟ್ಟಿ ಹಿಡಿದು ಹೊರಟರು. ಬಾಗಿಲು ಕಾಯುವವನು ತಡೆದ. ಇಲ್ಲಿ ಇದಕ್ಕೆ ಅವಕಾಶವಿಲ್ಲ, ಧರ್ಮಾಧ್ಯಕ್ಷ ಅಂಬ್ರೋಸರು ನಿಲ್ಲಿಸಿದ್ದಾರೆ ಎಂದ. ಕುಡಿತಕ್ಕೆ ದಾರಿಯಾಗುತ್ತದೆ, ಅನ್ಯರ ಪಿತೃಪೂಜೆಯಂತೆ ಕಾಣುತ್ತದೆ ಎಂಬುದು ಅಂಬ್ರೋಸರ ಕಾರಣ. "ನಮ್ಮೂರಲ್ಲಿ ಹೀಗೇ ಮಾಡೋದು" ಎಂದು ಮೋನಿಕಾ ಜಗಳಕ್ಕೆ ನಿಲ್ಲಲಿಲ್ಲ. ಬುಟ್ಟಿಯನ್ನು ಬಿಟ್ಟರು. ಅದರಲ್ಲಿ ಇರುತ್ತಿದ್ದುದನ್ನು ಬಡವರಿಗೆ ಕೊಡತೊಡಗಿದರು. ಸಮಾಧಿಗೆ ಬರಿಯ ಪ್ರಾರ್ಥನೆಯನ್ನು ಕೊಂಡೊಯ್ದರು.

ಉಪವಾಸದ ವಿಷಯದಲ್ಲೂ ಹೀಗೆಯೇ ಆಯಿತು. ಮಿಲಾನಿನಲ್ಲಿ ಶನಿವಾರ ಉಪವಾಸವಿರಲಿಲ್ಲ. ಏನು ಮಾಡುವುದೆಂದು ತಾಯಿಗೆ ಗೊಂದಲವಾಯಿತು. ಮಗ ಹೋಗಿ ಅಂಬ್ರೋಸರನ್ನು ಕೇಳಿದ. ತಾವು ರೋಮಿಗೆ ಹೋದಾಗ ಶನಿವಾರ ಉಪವಾಸ ಇರುವುದಾಗಿಯೂ ಇಲ್ಲಿ ಇರುವುದಿಲ್ಲವೆಂದೂ, ಯಾವ ಸಭೆಗೆ ಹೋಗುತ್ತೀರೋ ಅಲ್ಲಿನ ಪದ್ಧತಿಯನ್ನು ಪಾಲಿಸಿರೆಂದೂ ಅವರು ಹೇಳಿದರು.

ಅಗಸ್ಟೀನರು ತಮ್ಮ 'ನಿವೇದನೆಗಳು' ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ಬಿಡದೆ ಹೇಳುತ್ತಾರೆ. ಬೇರೆ ಯಾರಾದರೂ ಹೇಳಿದ್ದರೆ ತಾಯಿ ಇಷ್ಟು ಸುಲಭವಾಗಿ ಆ ಪದ್ಧತಿಯನ್ನು ಬಿಡುತ್ತಿರಲಿಲ್ಲವೇನೋ. ಮಗನನ್ನು ದಾರಿಗೆ ತರುತ್ತಿದ್ದ ಅಂಬ್ರೋಸರ ಮೇಲೆ ಆಕೆಗೆ ಪ್ರೀತಿಯಿತ್ತು, ಅದಕ್ಕೆ ಬಿಟ್ಟರು. ನಾಚಿಕೆಯಿಂದಲ್ಲ, ಭಯದಿಂದಲ್ಲ. ನಮ್ಮ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇಲ್ಲಿದೆ.

ಅಯೋವಾ ಅಮೆರಿಕದ ನಡುಭಾಗದ ಬಯಲುನಾಡು. ಮುಸುಕಿನ ಜೋಳ, ಸೋಯಾ ಬೆಳೆಯುವ ರೈತರ ಸೀಮೆ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದೂ ಉಂಟು. ನಮ್ಮಲ್ಲಿ ಯಾರ ಮನೆಗಾದರೂ ಹೇಳದೆ ಹೋಗಬಹುದು, ಹೋದರೆ ಊಟ ಹಾಕದೆ ಕಳಿಸುವುದಿಲ್ಲ. ಅಲ್ಲಿ ಮೊದಲು ಫೋನ್ ಮಾಡಿ ಹೋಗಬೇಕು. ಸಂಬಳ ಎಷ್ಟು, ಮದುವೆ ಯಾಕಾಗಿಲ್ಲ ಎಂದು ಹೊಸಬರನ್ನು ಕೇಳಬಾರದು. ಹಿಮ ಬಿದ್ದರೆ ಮನೆಯ ಮುಂದಿನ ಕಾಲುದಾರಿಯನ್ನು ನಾವೇ ತೆರವು ಮಾಡಬೇಕು, ಪಕ್ಕದ ಮನೆಯಲ್ಲಿ ಮುದುಕರಿದ್ದರೆ ಅವರದನ್ನೂ ಮಾಡಿಕೊಡುವುದು ಮರ್ಯಾದೆ. ತಪಸ್ಸು ಕಾಲದ ಶುಕ್ರವಾರ ಅನೇಕ ಧರ್ಮಕೇಂದ್ರಗಳಲ್ಲಿ ಎಲ್ಲರೂ ಸೇರಿ ಕರಿದ ಮೀನು ತಿನ್ನುತ್ತಾರೆ. "ಇದೆಂಥ ತಪಸ್ಸು?" ಎಂದು ನಮ್ಮವರಿಗೆ ಅನಿಸಬಹುದು. ಮಾಂಸ ಬಿಟ್ಟ ದಿನ ಒಟ್ಟಿಗೆ ಕೂತು ಉಣ್ಣುವುದು ಅವರ ರೂಢಿ. ಹೋಗಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಇವೆಲ್ಲ ಮೋನಿಕಮ್ಮನವರ ಬುಟ್ಟಿಯಂಥವು. ಬಿಟ್ಟರೆ ನಾವು ಸವೆಯುವುದಿಲ್ಲ, ನೆರೆಯವರಿಗೆ ಹತ್ತಿರವಾಗುತ್ತೇವೆ.

ನಮಗೆ ವಿಶ್ವಾಸ ಬಂದದ್ದೂ ಹೀಗೆ ಬುಟ್ಟಿ ಬಿಟ್ಟವರಿಂದಲೇ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಸಿನ್ನಮಿ ಸಂನ್ಯಾಸಿಯ ಉಡುಗೆ ತೊಟ್ಟರು, ಕನ್ನಡ ಕಲಿತರು, ಕನ್ನಡದಲ್ಲಿ ಧರ್ಮೋಪದೇಶ ಬರೆದರು. ಬಿಡದೆ ಬಾಳಿದವರನ್ನೂ ಕಂಡಿದ್ದೇವೆ. ತಳಿಯ ತಂಪು ಹವೆ ಕಂಡ ಬ್ರಿಟಿಷರು ಇದನ್ನು 'ಲಿಟಲ್ ಇಂಗ್ಲೆಂಡ್' ಎಂದು ಕರೆದರು. ಇನ್ನೊಬ್ಬರ ಊರಿಗೆ ಬಂದು ಅಲ್ಲಿ ತಮ್ಮ ಊರನ್ನೇ ಕಂಡರು.

ಹಾಗಾದರೆ ಭಾಷೆಯೂ ಒಂದು ಬುಟ್ಟಿಯೇ? ಅಜ್ಜಿಯ ಪ್ರಶ್ನೆಯ ಮುಳ್ಳು ಇರುವುದು ಇಲ್ಲಿ. ಅಮೆರಿಕದ ಆ ನಡುನಾಡಿನ ಕಥೋಲಿಕರು ಇದೇ ಪ್ರಶ್ನೆಯಲ್ಲಿ ಬೆಂದವರು. ಅಯೋವಾದ ಸ್ಪಿಲ್‌ವಿಲ್ ಎಂಬ ಹಳ್ಳಿಯಲ್ಲಿ, ಇಂದಿನ ಚೆಕ್ ದೇಶದ ಭಾಗವಾದ ಬೊಹೀಮಿಯಾದಿಂದ ವಲಸೆ ಬಂದವರು 1860ರಲ್ಲಿ ಸಂತ ವೆನ್ಸೆಸ್ಲಾಸರ ದೇವಾಲಯ ಕಟ್ಟಿದರು. 1893ರ ಬೇಸಿಗೆಯಲ್ಲಿ ಹೆಸರಾಂತ ಸಂಗೀತಗಾರ ಆಂಟೊನಿನ್ ಡ್ವೋರ್ಶಾಕ್ ನ್ಯೂಯಾರ್ಕಿನಿಂದ ಆ ಹಳ್ಳಿಗೆ ಬಂದು ತಂಗಿದರು. ಅಲ್ಲಿ ಬೀದಿಯಲ್ಲಿ ತಮ್ಮ ನುಡಿ ಕೇಳುತ್ತಿತ್ತು. ಬೆಳಗಿನ ಪೂಜೆಗೆ ಅವರು ಆರ್ಗನ್ ನುಡಿಸಿದರು.

ಅಲ್ಲಿಂದ 25 ವರ್ಷ ಕಳೆಯಿತು. ಅಮೆರಿಕ ಜರ್ಮನಿಯ ಮೇಲೆ ಯುದ್ಧದಲ್ಲಿತ್ತು. 1918ರ ಮೇ 23ರಂದು ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಆಜ್ಞೆ ಹೊರಡಿಸಿದರು. ಶಾಲೆಯಲ್ಲಿ, ರೈಲಿನಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ಫೋನಿನಲ್ಲಿ ಕೂಡ ಇಂಗ್ಲಿಷ್ ಮಾತ್ರ ಆಡಬೇಕು. ಇಂಗ್ಲಿಷ್ ಬಾರದವರು ದೇವರಾಧನೆಯನ್ನು ಮನೆಯೊಳಗೆ ಮಾಡಿಕೊಳ್ಳಲಿ. ಯುದ್ಧ ಮುಗಿದ ಮೇಲೆ ಆಜ್ಞೆ ಹೋಯಿತು, ಆದರೆ ಆ ಮನಸ್ಸು ಹೋಗಲಿಲ್ಲ. ಪಕ್ಕದ ನೆಬ್ರಾಸ್ಕಾ 1919ರಲ್ಲಿ ಚಿಕ್ಕ ಮಕ್ಕಳಿಗೆ ಬೇರೆ ಭಾಷೆ ಕಲಿಸುವುದನ್ನೇ ಅಪರಾಧ ಮಾಡಿತು. ಲೂಥರನ್ ಶಾಲೆಯೊಂದರ ಶಿಕ್ಷಕ ರಾಬರ್ಟ್ ಮೇಯರ್ ಹತ್ತು ವರ್ಷದ ಮಗುವಿಗೆ ಜರ್ಮನ್ ಭಾಷೆಯ ಬೈಬಲ್ ಕಥೆ ಓದಿಸಿದ್ದಕ್ಕೆ ದಂಡಕ್ಕೆ ಗುರಿಯಾದರು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು.

ಸಭೆಯೊಳಗೂ ಒಮ್ಮತವಿರಲಿಲ್ಲ. ಭಾಷೆ ಹೋದರೆ ವಿಶ್ವಾಸವೂ ಹೋಗುತ್ತದೆ ಎಂದು ಜರ್ಮನ್ ಕಥೋಲಿಕರು ಅಂಜಿದರು. ಮಿನ್ನೆಸೋಟಾದ ಮಹಾಧರ್ಮಾಧ್ಯಕ್ಷ ಜಾನ್ ಐರ್ಲೆಂಡ್ ಬೇಗ ಇಂಗ್ಲಿಷಿಗೆ ಬನ್ನಿ, ಈ ದೇಶದವರಾಗಿ ಎಂದರು. ಇಬ್ಬರೂ ಸಭೆಯ ಒಳಿತನ್ನೇ ಬಯಸಿದವರು. ಆ ವಲಸಿಗರ ಮೊಮ್ಮಕ್ಕಳ ಕಾಲಕ್ಕೆ ಇಂಗ್ಲಿಷ್ ಮನೆಮಾತಾಯಿತು, ಪೂಜೆ ನಿಲ್ಲಲಿಲ್ಲ. ಆದ್ದರಿಂದ ಭಾಷೆ ಹೋದರೆ ದೇವರೇ ಹೋದರು ಎನ್ನುವಂತಿಲ್ಲ. ಆದರೆ ತಾನಾಗಿ ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಮೋನಿಕಾ ಬುಟ್ಟಿಯನ್ನು ಪ್ರೀತಿಯಿಂದ ಇಳಿಸಿದರು. ಹಾರ್ಡಿಂಗರ ಆಜ್ಞೆ ಕೈಯಿಂದ ಕಿತ್ತುಕೊಂಡಿತು.

ಭಾಷೆಗೂ ಬುಟ್ಟಿಗೂ ಇನ್ನೊಂದು ವ್ಯತ್ಯಾಸವಿದೆ. ಬುಟ್ಟಿ ಮೋನಿಕಾರದು. ಅದನ್ನು ಬಿಡುವ ಹಕ್ಕು ಅವರಿಗಿತ್ತು. ಐದು ವರ್ಷದ ಆ ಮಗುವಿನ ಕನ್ನಡ ಯಾರದು? ಅಪ್ಪ ಅಮ್ಮನದು ಮಾತ್ರವಲ್ಲ. ಆ ಮಗು ಜಪ ಮಾಡುವುದನ್ನು ಕೇಳಬೇಕೆಂದಿರುವ ಅಜ್ಜಿಯದೂ ಹೌದು. ಮುಂದೆ ದೊಡ್ಡವಳಾಗಿ ಅಜ್ಜಿಯ ಮಾತು ಬೇಕೆಂದು ಹುಡುಕುವ ಆ ಮಗುವಿನದೂ ಹೌದು. ಎಲ್ಲರಿಗೂ ಸೇರಿದ್ದನ್ನು ಒಬ್ಬರೇ ಬಿಟ್ಟುಕೊಡುವುದು ಹೊಂದಾಣಿಕೆಯಲ್ಲ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಿಲ್ಲ. ತಳಿಯ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಬಾಯಲ್ಲಿ ಆಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಇಲ್ಲಿಯವರೆಗೆ ಓದಿ ತಲೆಯಾಡಿಸಿದವರು ಈಗ ನಮ್ಮ ಅಂಗಳದ ಕಡೆಗೂ ನೋಡಬೇಕು. ನಮ್ಮಲ್ಲಿ ಅನೇಕರ ಹಿರಿಯರು ಎಲ್ಲಿಗೂ ವಲಸೆ ಹೋಗಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದಾಗ ನಾವು ಮದರಾಸಿನ ಕಡೆ ಉಳಿದೆವು. ಜಿಲ್ಲೆ ಸೇಲಂ ಆಗಿತ್ತು, 1965ರಲ್ಲಿ ಧರ್ಮಪುರಿಯಾಯಿತು, 2004ರಲ್ಲಿ ಕೃಷ್ಣಗಿರಿಯಾಯಿತು. ನಮ್ಮ ಧರ್ಮಪ್ರಾಂತ್ಯವೂ 1997ರಲ್ಲಿ ಸೇಲಂನಿಂದ ಬೇರೆಯಾಯಿತು. ಹೊಲ ಅದೇ, ರಾಗಿ ಅದೇ. 2006ರ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯ ಮಾಡಿದಾಗ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನಮ್ಮ ಮಕ್ಕಳು ತಮಿಳು ಕಲಿಯಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ನೆರೆಯವರ ನುಡಿ ಅದು, ಆಸ್ಪತ್ರೆಯ ನುಡಿ, ಬಸ್ಸಿನ ನುಡಿ, ನಮ್ಮ ಗುರುಗಳಲ್ಲಿ ಹಲವರ ನುಡಿ. ಅದರ ಜೊತೆಗೆ ಕನ್ನಡಕ್ಕೂ ಜಾಗವಿರಲಿ ಎಂದು ಕೇಳುತ್ತೇವೆ. ಪೂಜೆಯಲ್ಲಿ ಒಂದು ವಾಚನ, ಒಂದು ಗೀತೆ ಕನ್ನಡದಲ್ಲಿರಲಿ ಎಂದು ಕೇಳುತ್ತೇವೆ. ಕೇಳುವುದು ತಪ್ಪಲ್ಲ.

ಆದರೆ ಗಡಿಯಾಚೆ ಬೆಂಗಳೂರಿನಲ್ಲಿ ಪೂಜೆಯ ಭಾಷೆಗಾಗಿ ಕನ್ನಡ ಮತ್ತು ತಮಿಳು ಕಥೋಲಿಕರು ವರ್ಷಗಟ್ಟಲೆ ಜಗಳವಾಡಿದ್ದನ್ನು ನಾವು ಕೇಳಿದ್ದೇವೆ. ಅಲ್ಲಿಯ ಸುದ್ದಿ ಬಂದಾಗ ನಮ್ಮಲ್ಲಿ ಕೆಲವರು, "ಅಲ್ಲಿಗೆ ಹೋದ ತಮಿಳರು ಕನ್ನಡಕ್ಕೆ ಹೊಂದಿಕೊಳ್ಳಲಿ, ಬೇರೆ ಪೂಜೆ ಯಾಕೆ?" ಎಂದಿದ್ದೇವೆ. ಅದೇ ಬಾಯಲ್ಲಿ ಇಲ್ಲಿ ಕನ್ನಡ ಪೂಜೆ ಕೇಳಿದ್ದೇವೆ. ಕೊಡುವಾಗ ಒಂದು ಸೇರು, ಕೊಳ್ಳುವಾಗ ಇನ್ನೊಂದು ಸೇರು ಇಟ್ಟುಕೊಂಡ ವ್ಯಾಪಾರಿಯನ್ನು ನಾವು ಏನೆನ್ನುತ್ತೇವೆ? ಅಲ್ಪಸಂಖ್ಯಾತರಾಗಿದ್ದಾಗ ನಾವು ಬೇಡುವ ನ್ಯಾಯವನ್ನು ಬಹುಸಂಖ್ಯಾತರಾಗಿದ್ದಾಗ ಕೊಡದಿದ್ದರೆ ಅದು ನ್ಯಾಯವಾಗಿರಲಿಲ್ಲ, ಬರಿಯ ಸ್ವಾರ್ಥವಾಗಿತ್ತು.

ಈಗ ನಮ್ಮೂರಿಗೂ ಹೊಸಬರು ಬರುತ್ತಿದ್ದಾರೆ. ಹೊಸೂರಿನ ಕಾರ್ಖಾನೆಗಳಿಗೆ, ಗುಲಾಬಿ ಬೆಳೆಯುವ ಹಸಿರುಮನೆಗಳಿಗೆ ದೂರದ ರಾಜ್ಯಗಳಿಂದ ಕೆಲಸಕ್ಕೆ ಬಂದವರು. ಕೊರಳಲ್ಲಿ ಜಪಸರ ಹಾಕಿಕೊಂಡ ಹುಡುಗ ಭಾನುವಾರ ಗುಡಿಯ ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಾನೆ. ನಮ್ಮ ತಮಿಳೂ ಅವನಿಗೆ ಬಾರದು, ಕನ್ನಡವೂ ಬಾರದು. ಅವನ ಮುಂದೆ ನಾವೇ ಸ್ಥಳೀಯರು, ನಾವೇ ಬಾಗಿಲು ಕಾಯುವವರು. ಹೊಂದಿಕೊಳ್ಳುವ ಭಾರವನ್ನೆಲ್ಲ ಬಂದವನ ಹೆಗಲಿಗೇ ಹೊರಿಸಬಾರದು. ಜೆರುಸಲೇಮಿನಲ್ಲಿ ಪ್ರೇಷಿತರು ಸಭೆ ಸೇರಿದಾಗ, ಹೊಸದಾಗಿ ಬಂದ ಅನ್ಯಜನರ ಮೇಲೆ ಬೇಕಿಲ್ಲದ ಭಾರ ಹೊರಿಸುವುದು ಬೇಡವೆಂದು ತೀರ್ಮಾನಿಸಿದವರು ಹಳಬರೇ ಅಲ್ಲವೇ? ಪವಿತ್ರಾತ್ಮರು ಇಳಿದು ಬಂದ ದಿನವೂ ನೆರೆದ ಜನರೆಲ್ಲ ಒಂದೇ ಭಾಷೆ ಕಲಿತುಬಿಡಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ನುಡಿಯಲ್ಲೇ ಕೇಳಿದರು.

ಹೀಗಾಗಿ ಅಜ್ಜಿಗೆ ನನ್ನ ಉತ್ತರ ಇಷ್ಟು. ನೆರೆಯವರ ಮೇಲಿನ ಪ್ರೀತಿಗಾಗಿ ನಮ್ಮದೇ ಆದ ರೂಢಿಯನ್ನು ಬಿಡಬೇಕಾದರೆ ಸಂತೋಷದಿಂದ ಬಿಡಲಿ. ನಾಚಿಕೆಪಟ್ಟು ಯಾವುದನ್ನೂ ಬಿಡುವುದು ಬೇಡ. ಶಾಲೆಯ ಡಬ್ಬಿಯಲ್ಲಿ ರಾಗಿರೊಟ್ಟಿ ಕಂಡು ಯಾರೋ ನಕ್ಕರೆಂದು ಅದನ್ನು ಬಿಟ್ಟ ಮಗು, ನಾಳೆ ಅದೇ ಕಾರಣಕ್ಕೆ ಶಿಲುಬೆಯ ಗುರುತನ್ನೂ ಬಿಟ್ಟೀತು. ಇನ್ನೊಬ್ಬರಿಗೂ ಪಾಲಿರುವುದನ್ನು ಅವರನ್ನು ಕೇಳದೆ ಬಿಡುವುದು ಬೇಡ.

ಮೋನಿಕಾ ಮತ್ತೆ ಊರು ಕಾಣಲಿಲ್ಲ. 387ರಲ್ಲಿ, ಮಗನ ಜೊತೆ ಆಫ್ರಿಕಾಕ್ಕೆ ಹೊರಟವರು, ಹಡಗು ಹತ್ತುವ ಮೊದಲೇ ಒಸ್ತಿಯಾ ಎಂಬ ಬಂದರಿನಲ್ಲಿ ಕಾಯಿಲೆ ಬಿದ್ದರು. ಊರಿನಲ್ಲಿ ಗಂಡನ ಪಕ್ಕದಲ್ಲೇ ತನ್ನ ಸಮಾಧಿ ಆಗಬೇಕೆಂದು ಬಹುಕಾಲ ಆಸೆಪಟ್ಟಿದ್ದವರು, ಕೊನೆಗೆ ಅದನ್ನೂ ಬಿಟ್ಟರು. ಈ ದೇಹವನ್ನು ಎಲ್ಲಾದರೂ ಮಣ್ಣು ಮಾಡಿ, ನೀವು ಎಲ್ಲಿದ್ದರೂ ಬಲಿಪೀಠದಲ್ಲಿ ನನ್ನನ್ನು ನೆನೆಯಿರಿ ಎಂದಷ್ಟೇ ಮಕ್ಕಳನ್ನು ಕೇಳಿಕೊಂಡರು.

ತಳಿಯ ಅಜ್ಜಿಯೂ ಹೆಚ್ಚೇನು ಕೇಳಿಲ್ಲ. ಇಲ್ಲಿ ಸಂಜೆ ಆರರ ಗಂಟೆ ಹೊಡೆಯುವಾಗ ಅಲ್ಲಿ, ಈಗಿನ ದಿನಗಳಲ್ಲಿ, ಬೆಳಗಿನ ಏಳೂವರೆ. ಮಗು ಶಾಲೆಗೆ ಹೊರಡುವ ಹೊತ್ತು. ಬೂಟು ಹಾಕಿಕೊಳ್ಳುತ್ತಾ ಫೋನಿನಲ್ಲಿ ಅಜ್ಜಿಯ ಜೊತೆ ಒಂದು 'ನಮೋ ಮರಿಯಾ' ಹೇಳಬೇಕು, ಕನ್ನಡದಲ್ಲಿ. ಆಮೇಲೆ ಬಸ್ಸಿನಲ್ಲಿ ಎಷ್ಟು ಬೇಕಾದರೂ ಇಂಗ್ಲಿಷ್ ಆಡಲಿ.