ಅಡುಗೆಮನೆಯ ಕಿಟಕಿ ಮತ್ತು ನಮ್ಮ ಮನಸ್ಸಾಕ್ಷಿ



ಸ್ವಂತ ಮನೆ ಕಟ್ಟುವುದು ಪ್ರತಿಯೊಂದು ಕುಟುಂಬದ ಕನಸು. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹೆಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಏಳುತ್ತಲೇ ಇವೆ. ಸಂತೋಷದ ವಿಷಯ. ಆದರೆ ಒಂದು ಪ್ರಶ್ನೆ: ನಾನು ಕಟ್ಟಿಸುವ ಮನೆಯೊಳಗಿನ ಗಾಳಿ ನನ್ನ ಸ್ವಂತ ವಿಷಯವೇ, ಅಥವಾ ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾದ ವಿಷಯವೇ?

ಹಳೆಯ ತೊಟ್ಟಿಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇರುತ್ತಿತ್ತು. ನಾಡಹೆಂಚಿನ ಸಂದುಗಳಿಂದಲೂ ಹೊಗೆ ಹೊರಹೋಗುತ್ತಿತ್ತು. ಹಾಗೆಂದು ಆ ಅಡುಗೆಮನೆ ಸ್ವರ್ಗವಾಗಿರಲಿಲ್ಲ. ಗೋಡೆಯ ಮಸಿಯೇ ಅದಕ್ಕೆ ಸಾಕ್ಷಿ. ಕಾಂಕ್ರೀಟ್ ತಾರಸಿಯಲ್ಲಾದರೋ ಸಂದುಗಳೇ ಇಲ್ಲ. ಕಿಟಕಿ ಇಟ್ಟರೆ ಗಾಳಿ, ಇಲ್ಲದಿದ್ದರೆ ಇಲ್ಲ.

ಈಗ ಗ್ಯಾಸ್ ಬಂದಿದೆಯಲ್ಲ ಎನ್ನುವಿರಿ. ನಿಜ. ಆದರೆ ಸಿಲಿಂಡರ್ ಬೇಗ ಮುಗಿಯದಿರಲೆಂದು ಸ್ನಾನದ ಹಂಡೆಗೆ ತೆಂಗಿನ ಮಟ್ಟೆ, ಹಿಪ್ಪುನೇರಳೆ ಕಡ್ಡಿ ಉರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಕೆಲವರು ಕಿಟಕಿಯಿಲ್ಲದ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂರಿಸುತ್ತಾರೆ. ಗಾಳಿ ಸಾಲದೆ ಅದು ಉರಿದಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೆಣವಾದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಅವರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಪರಿಹಾರ ನಮಗೆ ತಿಳಿಯದ್ದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆ, ಸೌದೆಯನ್ನು ಉಳಿಸಿ ಹೊಗೆಯನ್ನು ಚಿಮಣಿಯ ಮೂಲಕ ಆಚೆ ಕಳಿಸಿತು. 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕಾರಗೊಂಡ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಅಳತೆ ಕೊಟ್ಟಿದೆ. ಅಡುಗೆಮನೆಗೆ ಕನಿಷ್ಠ ಒಂದು ಚದರ ಮೀಟರ್, ಅಂದರೆ ಸುಮಾರು 11 ಚದರ ಅಡಿಯ ಕಿಟಕಿ ಬೇಕು. ಅದು ನೇರವಾಗಿ ಬಯಲಿಗೆ ತೆರೆಯಬೇಕು. ವಾಸದ ಕೋಣೆಗಳ ಕಿಟಕಿಗಳು ಒಣ ಸೆಕೆಯ ಸೀಮೆಯಲ್ಲಿ ನೆಲದ ಹತ್ತನೇ ಒಂದು ಭಾಗ, ತೇವದ ಸೆಕೆಯ ಸೀಮೆಯಲ್ಲಿ ಆರನೇ ಒಂದು ಭಾಗದಷ್ಟಿರಬೇಕು.

ಆದರೆ ಹಳ್ಳಿಯಲ್ಲಿ ಮೇಸ್ತ್ರಿಯೇ ಇಂಜಿನಿಯರ್. ಸಂಹಿತೆಯನ್ನು ಹಿಡಿದು ಅಳೆಯಲು ಬರುವವರು ಯಾರು? ಇಲ್ಲೇ ಮನಸ್ಸಾಕ್ಷಿಯ ಕೆಲಸ ಶುರುವಾಗುವುದು. ಕಾನೂನು ಎಂದರೆ ಎಲ್ಲರ ಒಳಿತಿಗಾಗಿ ವಿವೇಕವು ವಿಧಿಸುವ ಕಟ್ಟಳೆ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಮನುಷ್ಯರ ಕಾನೂನು ಎಲ್ಲ ಕೆಡುಕನ್ನೂ ತಡೆಯಲಾರದೆಂದೂ ಅವರೇ ಹೇಳಿದರು. ಉಳಿದದ್ದು ನಮ್ಮ ಹೊಣೆ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನವನ್ನು ತೆರೆದು ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತುಗೋಡೆ ಹಾಕಬೇಕು. ಇಲ್ಲದಿದ್ದರೆ, ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯ ಮೇಲೆ ಬರುತ್ತದೆ. ಗಮನಿಸಿ, ಇಲ್ಲಿ ಯಾರೂ ಯಾರನ್ನೂ ತಳ್ಳಲಿಲ್ಲ. ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದೇ ದೋಷ. ಅಪ್ಪಣೆಯೂ ಬಂದದ್ದು ಅಧಿಕಾರಿಗಲ್ಲ, ಮನೆ ಕಟ್ಟುವವನಿಗೆ. ಹೊಗೆಯೂ ಹಾಗೆಯೇ. ಕಿಟಕಿ ಬೇಡವೆಂದು ತೀರ್ಮಾನಿಸುವವರು ಒಬ್ಬರು, ಕೆಮ್ಮುವವರು ಇನ್ನೊಬ್ಬರು: ಒಲೆಯ ಮುಂದಿನ ತಾಯಿ, ಆಕೆಯ ಸೊಂಟದ ಮೇಲಿನ ಕೂಸು, ಒಳಕೋಣೆಯಲ್ಲಿ ಮಲಗಿದ ಅಜ್ಜಿ. ಬಡವರ ನಿತ್ಯದ ಬದುಕನ್ನು ಕಾಡುವ ಈ ಒಲೆಯ ಹೊಗೆಯನ್ನು ಪೋಪ್ ಫ್ರಾನ್ಸಿಸರು 2015ರ ತಮ್ಮ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹೆಸರಿಸಿಯೇ ಪ್ರಸ್ತಾಪಿಸಿದರು.

ಕಿಟಕಿಗೆ ಖರ್ಚಾಗುತ್ತದೆ, ಕಳ್ಳರ ಭಯ, ನೆರೆಯವರ ಕಣ್ಣು ಎನ್ನುವವರಿದ್ದಾರೆ. ಸರಳು, ಜಾಲರಿ, ಪರದೆಗಳು ಇರುವುದೇ ಅದಕ್ಕೆ. ಮುಂಬಾಗಿಲಿನ ಕೆತ್ತನೆಗೆ ಸಿಗುವ ಹಣ ಅಡುಗೆಮನೆಗೇಕೆ ಸಿಗದು? ಸಾಲುಮನೆ ಕಟ್ಟಿ ಬಾಡಿಗೆಗೆ ಕೊಡುವವರ ಹೊಣೆ ಇನ್ನೂ ಹೆಚ್ಚು. ಬಾಡಿಗೆಗೆ ಬಂದವರು ಗೋಡೆ ಒಡೆಯುವಂತಿಲ್ಲ, ನೀವು ಬಿಟ್ಟ ಗಾಳಿಯನ್ನೇ ಉಸಿರಾಡಬೇಕು. ನಿಜಕ್ಕೂ ಕೈಲಾಗದ ಬಡವರಿದ್ದರೆ, ಅವರ ಗೋಡೆಗೊಂದು ಕಿಟಕಿ ಇಡಿಸುವುದು ಅನ್ನದಾನದಷ್ಟೇ ದೊಡ್ಡ ಪರೋಪಕಾರ.

ಆದ್ದರಿಂದ ಪ್ರಿಯರೇ, ಮನೆಯ ನಕ್ಷೆ ಬರೆಸುವ ದಿನ ಅಡುಗೆ ಮಾಡುವವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಿಟಕಿ ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು ಎಂದು ಮೊದಲು ಅವರನ್ನು ಕೇಳಿ.